ಟಾಲರೆನ್ಸ್ ಫ್ಯಾಕ್ಟರ್ 0.99 ಬಂದರೂ ಪೆರೋವ್‌ಸ್ಕೈಟ್ ಯಾಕೆ ಹಳದಿಯಾಗುತ್ತೆ?

ಬೆಣ್ಣೆನಗರಿ_ಹುಡುಗಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಎಂಎಸ್ಸಿ ಭೌತಶಾಸ್ತ್ರದ ಕೊನೇ ಸೆಮಿಸ್ಟರ್‌ನಲ್ಲಿದ್ದೀನಿ. ಪ್ರಾಜೆಕ್ಟು ಸೋಲಾರ್ ಸೆಲ್‌ಗೆ ಬಳಸೋ ಪೆರೋವ್‌ಸ್ಕೈಟ್‌ಗಳ ಮೇಲೆ. ಪೆರೋವ್‌ಸ್ಕೈಟ್ ಅಂದರೆ ಎಬಿಎಕ್ಸ್3 ಅನ್ನೋ ಸೂತ್ರದ ಒಂದು ಬಗೆಯ ಸ್ಫಟಿಕ ರಚನೆ. ಯಾವ ಸಂಯುಕ್ತದ ರಚನೆ ನಿಲ್ಲುತ್ತೆ, ಯಾವುದು ನಿಲ್ಲಲ್ಲ ಅಂತ ತಯಾರಿಸೋಕೆ ಮುಂಚೆಯೇ ಹೇಳೋಕಾಗುತ್ತಾ ಅನ್ನೋದು ವಿಷಯ. ತಯಾರಿಸೋ ಅನುಕೂಲ ನನಗಿಲ್ಲ, ಎಲ್ಲಾ ಲೆಕ್ಕದ ಕೆಲಸ: ಒಂದು ಲ್ಯಾಪ್‌ಟಾಪ್, ಎಕ್ಸೆಲ್, ಸ್ವಲ್ಪ ಪೈಥಾನ್.

ಗೋಲ್ಡ್‌ಶ್ಮಿಟ್ 1926ರಲ್ಲಿ ಕೊಟ್ಟ, ಅಯಾನುಗಳ ಅಳತೆ ರಚನೆಗೆ ಹೊಂದುತ್ತಾ ಅಂತ ಹೇಳೋ ಟಾಲರೆನ್ಸ್ ಫ್ಯಾಕ್ಟರ್‌ನಿಂದ ಶುರು ಮಾಡಿದೆ. ಎಬಿಎಕ್ಸ್3 ಅಂತ ತಗೊಂಡರೆ (ಇಲ್ಲಿ ಬಿ ಸೀಸ, ಎಕ್ಸ್ ಅಯೊಡೈಡ್, ಎ ಅಂದರೆ ಸೀಸಿಯಂ ಅಥವಾ ಅದರ ಜಾಗದ ಬೇರೆ ಅಯಾನು)

ಟಿ = (ಎ ತ್ರಿಜ್ಯ + ಎಕ್ಸ್ ತ್ರಿಜ್ಯ) ÷ [√2 × (ಬಿ ತ್ರಿಜ್ಯ + ಎಕ್ಸ್ ತ್ರಿಜ್ಯ)]

ಸೀಸ 119, ಅಯೊಡೈಡ್ 220, ಸೀಸಿಯಂ 188, ಮಿಥೈಲ್‌ಅಮೋನಿಯಂ 217, ಫಾರ್ಮಮಿಡಿನಿಯಂ 253. ಎಲ್ಲಾ ಪಿಕೊಮೀಟರ್‌ನಲ್ಲಿ. ಬಂದ ಉತ್ತರ: ಸೀಸಿಯಂ ಲೆಡ್ ಅಯೊಡೈಡ್‌ಗೆ 0.85, ಮಿಥೈಲ್‌ಅಮೋನಿಯಂದಕ್ಕೆ 0.91, ಫಾರ್ಮಮಿಡಿನಿಯಂದಕ್ಕೆ 0.99.

ನಾನು ಓದಿದ ಪ್ರಕಾರ 0.8ರಿಂದ 1ರ ಒಳಗಿದ್ದರೆ ಪೆರೋವ್‌ಸ್ಕೈಟ್, 1ಕ್ಕೆ ಹತ್ತಿರ ಇದ್ದಷ್ಟೂ ಒಳ್ಳೇದು. ಹಾಗಿದ್ರೆ ಫಾರ್ಮಮಿಡಿನಿಯಂದು ಎಲ್ಲಕ್ಕಿಂತ ಗಟ್ಟಿಯಾಗಿರಬೇಕಿತ್ತು. ಆದರೆ ಪೇಪರ್‌ಗಳಲ್ಲೆಲ್ಲ ಅದು ಕೋಣೆಯ ಉಷ್ಣತೆಯಲ್ಲಿ ಕಪ್ಪಿನಿಂದ ಹಳದಿಗೆ ತಿರುಗುತ್ತೆ ಅಂತ ಬರೆದಿದೆ (ಕಪ್ಪು ಅಂದರೆ ಪೆರೋವ್‌ಸ್ಕೈಟ್ ರೂಪ, ಹಳದಿ ಅಂದರೆ ಬೇರೆ ರಚನೆ). ಸೀಸಿಯಂದೂ ಹಳದಿಯೇ. ನಡುವಿನ 0.91ದು ಮಾತ್ರ ಕಪ್ಪಾಗಿ ಉಳಿಯುತ್ತೆ. ನನ್ನ ರ‍್ಯಾಂಡಮ್ ಫಾರೆಸ್ಟ್ ಮಾಡೆಲ್‌ಗೆ (ಗೊತ್ತಿರೋ ಸಂಯುಕ್ತಗಳ ಡೇಟಾದಿಂದ ಕಲಿತು ಊಹಿಸೋ ಕಂಪ್ಯೂಟರ್ ಮಾಡೆಲ್) ಕೇಳಿದರೆ ಅದೂ ಫಾರ್ಮಮಿಡಿನಿಯಂ ಸ್ಥಿರ ಅಂತ ಅಡ್ಡಿಯಿಲ್ಲದೆ ಹೇಳುತ್ತೆ, ಅದರ ನಿಖರತೆ ನೂರಕ್ಕೆ 95ರ ಮೇಲೆ ತೋರಿಸ್ತಾ ಇದೆ. ವೈವಾದಲ್ಲಿ ಇದನ್ನೇ ಕೇಳ್ತಾರೆ ಅಂತ ಗೊತ್ತು. ಯಾವುದನ್ನ ನಂಬಲಿ?

---

ಉಚ್ಚಂಗಿ_ಬೆಟ್ಟ:

ಪ್ರಶ್ನೆ ಬಹಳ ಚೆನ್ನಾಗಿದೆ. ನಿಮ್ಮ ಲೆಕ್ಕ ಸರಿ, ಪೇಪರ್‌ಗಳೂ ಸರಿ. ಎರಡೂ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಕೊಡ್ತಿವೆ, ತೊಡಕು ಇರೋದು ಅಲ್ಲಿ. ನಾನು ಪಿಎಚ್‌ಡಿಯಲ್ಲಿ ಇದೇ ಹ್ಯಾಲೈಡ್‌ಗಳ ಲೆಕ್ಕ ಮಾಡಿದವಳು, ಈಗ ದಾವಣಗೆರೆಯಲ್ಲೇ ಪಾಠ ಮಾಡ್ತೀನಿ. ಸ್ವಲ್ಪ ಉದ್ದ ಬರೀತೀನಿ, ಸಮಾಧಾನವಾಗಿ ಓದಿ.

"ಸ್ಥಿರ" ಅಂತ ಬರೆಯೋ ಮುಂಚೆ ಪ್ರತಿ ಸಲ ಕೇಳಿಕೊಳ್ಳಿ: ಯಾವುದಕ್ಕೆ ಹೋಲಿಸಿದರೆ ಸ್ಥಿರ? ಯಾವ ಉಷ್ಣತೆಯಲ್ಲಿ? ನಿಮ್ಮ ಪ್ರಾಜೆಕ್ಟಿನ ಜೀವಾಳ ಇದೇ ಅಂತ ನಾನು ನಂಬಿದ್ದೀನಿ.

ಟಿ ಹೇಳೋದು ಬರೀ ಅಳತೆ. ಸೀಸದ ಸುತ್ತ ಆರು ಅಯೊಡೈಡ್ ಕೂತು ಅಷ್ಟಮುಖಿ ಆಗುತ್ತೆ, ಆ ಅಷ್ಟಮುಖಿಗಳು ಮೂಲೆಗೆ ಮೂಲೆ ಕೂಡಿ ಜಾಲ ಕಟ್ಟುತ್ತವೆ, ನಡುವಿನ ಖಾಲಿ ಜಾಗದಲ್ಲಿ ಎ ಅಯಾನು ಹಿಡಿಸಬೇಕು. ಅಯಾನು ಸ್ವಲ್ಪ ಚಿಕ್ಕದಾದರೆ ಅಷ್ಟಮುಖಿಗಳು ವಾಲಿಕೊಂಡು ಜಾಗ ಕಿರಿದು ಮಾಡಿಕೊಳ್ಳುತ್ತವೆ. 0.91ರ ಮಿಥೈಲ್‌ಅಮೋನಿಯಂ ಹೀಗೆಯೇ ಕೋಣೆಯ ಉಷ್ಣತೆಯಲ್ಲಿ ಕೊಂಚ ತಿರುಚಿದ ಟೆಟ್ರಾಗೋನಲ್ ರೂಪದಲ್ಲಿ ಉಳಿಯೋದು. ಸೀಸಿಯಂ ಇನ್ನೂ ಚಿಕ್ಕದು. ವಾಲಿದರೂ ಸಾಲಲ್ಲ, ಆಗ ಅಷ್ಟಮುಖಿಗಳು ಅಂಚಿಗೆ ಅಂಚು ಸೇರಿಸಿಕೊಂಡು ಸರಪಳಿಯಾಗಿಬಿಡುತ್ತವೆ. ಅದು ಸೀಸಿಯಂನ ಹಳದಿ.

ಫಾರ್ಮಮಿಡಿನಿಯಂ ಕಥೆ ತದ್ವಿರುದ್ಧ, ಅಲ್ಲಿ ಅಯಾನು ದೊಡ್ಡದು. ಅಷ್ಟಮುಖಿಗಳು ಮುಖಕ್ಕೆ ಮುಖ ಅಂಟಿಕೊಂಡು ಷಟ್ಕೋನಾಕಾರದ ರಚನೆ ಆಗುತ್ತೆ. "ಆದರೆ ಟಿ 1ಕ್ಕಿಂತ ಕಡಿಮೆ ಇದೆಯಲ್ಲ" ಅಂತೀರಿ. 253 ಅಂತ ಹಾಕಿದ ಕಡೆ 260 ಹಾಕಿ ನೋಡಿ. ಟಿ 1 ದಾಟುತ್ತೆ. ಏಳು ಪಿಕೊಮೀಟರ್ ಅಷ್ಟೇ. ಈಗ ಯೋಚಿಸಿ: ಫಾರ್ಮಮಿಡಿನಿಯಂ ಗೋಲಿ ಅಲ್ಲ, ಎರಡು ನೈಟ್ರೊಜನ್, ನಡುವೆ ಒಂದು ಕಾರ್ಬನ್ ಇರೋ ಚಪ್ಪಟೆ ಅಣು. 217, 253 ಅನ್ನೋವು 2014ರಲ್ಲಿ ಕೀಸ್ಲಿಖ್, ಚೀತಮ್ ಮತ್ತು ಸಂಗಡಿಗರು ಆ ಅಣು ತನ್ನ ಸುತ್ತ ತಾನೇ ತಿರುಗುತ್ತೆ ಅಂದುಕೊಂಡು ಕೊಟ್ಟ ಪರಿಣಾಮಕ ತ್ರಿಜ್ಯಗಳು. ತುಂಬಾ ಉಪಯೋಗಕ್ಕೆ ಬಂದ ಕೆಲಸ. ಆದರೆ ಚಪ್ಪಟೆ ಅಣುವಿಗೆ ಒಂದೇ ತ್ರಿಜ್ಯ ಕೊಟ್ಟಾಗ ಏಳು ಪಿಕೊಮೀಟರ್ ಆಚೀಚೆ ಆಗೋದು ದೊಡ್ಡ ಮಾತಲ್ಲ. ಹಾಗಾಗಿ 0.99 ಅನ್ನೋದನ್ನ "ಚೆನ್ನಾಗಿ ಹಿಡಿಸಿದೆ" ಅಂತ ಓದಬೇಡಿ. "ಮೇಲಿನ ಗಡಿಯ ಮೇಲೇ ನಿಂತಿದೆ" ಅಂತ ಓದಿ.

ಅಯೊಡೈಡ್‌ಗಳಲ್ಲಿ ಇನ್ನೊಂದು ತೊಂದರೆ. ಶ್ಯಾನನ್ 1976ರಲ್ಲಿ ಪಟ್ಟಿ ಮಾಡಿದ ತ್ರಿಜ್ಯಗಳು ಮುಖ್ಯವಾಗಿ ಆಕ್ಸೈಡ್ ಮತ್ತು ಫ್ಲೋರೈಡ್‌ಗಳಿಂದ ಬಂದವು. ಸೀಸ–ಅಯೊಡಿನ್ ಬಂಧದಲ್ಲಿ ಸಹವೇಲೆನ್ಸಿಯ ಪಾಲು ಜಾಸ್ತಿ, ಅಲ್ಲಿ ಅಯಾನುಗಳನ್ನ ಗಟ್ಟಿ ಗೋಲಿ ಅಂತ ಲೆಕ್ಕ ಹಾಕಿದರೆ ಎಡವಟ್ಟು ಆಗೇ ಆಗುತ್ತೆ.

ಇನ್ನು ಉಷ್ಣತೆ. ಫಾರ್ಮಮಿಡಿನಿಯಂ ಲೆಡ್ ಅಯೊಡೈಡ್ ಸುಮಾರು 150 ಡಿಗ್ರಿ ಸೆಲ್ಸಿಯಸ್ ಮೇಲೆ ಕಪ್ಪು ರೂಪದಲ್ಲೇ ಇರುತ್ತೆ, ಅಲ್ಲಿ ಅಣು ಗೂಡಿನೊಳಗೆ ಸರಾಗವಾಗಿ ತಿರುಗುತ್ತೆ, ಆ ತಿರುಗಾಟದ ಎಂಟ್ರೊಪಿ (ಅವ್ಯವಸ್ಥೆಯ ಅಳತೆ) ಕಪ್ಪು ರೂಪಕ್ಕೆ ಆಸರೆ. ತಣ್ಣಗಾದಾಗ ಆಸರೆ ತಪ್ಪುತ್ತೆ, ಹಳದಿ ರೂಪವೇ ಕಡಿಮೆ ಶಕ್ತಿಯದಾಗುತ್ತೆ. ಸೂತ್ರದಲ್ಲಿ ಉಷ್ಣತೆಯೇ ಇಲ್ಲದಿರೋವಾಗ ಟಿ ಇದನ್ನ ಹೇಗೆ ಹೇಳೀತು?

ಗಾಜಿನ ಮೇಲೆ ಇದು ಆಗೋದನ್ನ ನೋಡಿದ್ದೀನಿ. ಹಾಟ್‌ಪ್ಲೇಟಿನಿಂದ ತೆಗೆದಾಗ ಪೊರೆ ಕನ್ನಡಿಯ ಹಾಗೆ ಕಪ್ಪಗೆ ಹೊಳೆಯುತ್ತಿರುತ್ತೆ. ಮಳೆಗಾಲದಲ್ಲಿ ಹೊರಗಿಟ್ಟರೆ ಮೊದಲು ಅಂಚಿನಲ್ಲಿ ಹಳದಿ ಚುಕ್ಕೆ ಏಳುತ್ತೆ, ಆಮೇಲೆ ಒಳಕ್ಕೆ ಹಬ್ಬುತ್ತೆ. ನೀರಿನಾವಿ ಇದನ್ನ ಹುಟ್ಟಿಸಲ್ಲ, ಬೇಗ ಮಾಡಿಸುತ್ತೆ. ಮತ್ತೆ ಬಿಸಿ ಮಾಡಿದರೆ ಕಪ್ಪು ವಾಪಸ್ ಬರುತ್ತೆ.

ಇದನ್ನ ಯಾಕೆ ಒತ್ತಿ ಹೇಳ್ತಿದ್ದೀನಿ ಅಂದರೆ, ಹಳದಿಯಾದದ್ದೆಲ್ಲ ಒಂದೇ ಅಲ್ಲ. ಮಿಥೈಲ್‌ಅಮೋನಿಯಂದೂ ಹಳದಿಯಾಗುತ್ತೆ, ಆದರೆ ಅದು ರೂಪ ಬದಲಾಯಿಸೋದಲ್ಲ, ಒಡೆದು ಹೋಗೋದು. ಮಿಥೈಲ್‌ಅಮೀನ್ ಆವಿಯಾಗಿ ಹಾರಿಹೋಗಿ ಲೆಡ್ ಅಯೊಡೈಡ್ ಉಳಿಯುತ್ತೆ, ಹಾರಿದ್ದು ವಾಪಸ್ ಬರಲ್ಲ. ಎಕ್ಸ್‌ರೇ ವಿವರ್ತನೆಯಲ್ಲಿ, ತಾಮ್ರದ ಕೆ-ಆಲ್ಫಾ ಕಿರಣಕ್ಕೆ, ಲೆಡ್ ಅಯೊಡೈಡ್ ಶಿಖರ 12.7 ಡಿಗ್ರಿ ಹತ್ತಿರ, ಫಾರ್ಮಮಿಡಿನಿಯಂನ ಹಳದಿ ರೂಪದ್ದು 11.8 ಹತ್ತಿರ, ಕಪ್ಪು ಪೆರೋವ್‌ಸ್ಕೈಟ್‌ನದು 14ರ ಆಸುಪಾಸು. ಕಣ್ಣಿಗೆ ಹಳದಿ ಕಂಡಿತು ಅಂತ "ಅಸ್ಥಿರ" ಅನ್ನೋ ಒಂದೇ ಡಬ್ಬಿಗೆ ಹಾಕಿದರೆ ನಿಮ್ಮ ಮಾಡೆಲ್ ಏನು ಕಲಿಯಬೇಕು?

ಈಗ ಒಂದು ಕೆಲಸ ಮಾಡಿ. 2019ರಲ್ಲಿ ಬಾರ್ಟೆಲ್ ಮತ್ತು ಸಂಗಡಿಗರು ಇನ್ನೊಂದು ಅಂಶ ಕೊಟ್ಟರು, ಟೌ ಅಂತ ಕರೀತಾರೆ:

ಟೌ = ಎಕ್ಸ್/ಬಿ − ಎನ್ × [ಎನ್ − (ಎ/ಬಿ) ÷ ಲಾಗ್(ಎ/ಬಿ)]

ಎ, ಬಿ, ಎಕ್ಸ್ ಎಲ್ಲ ತ್ರಿಜ್ಯಗಳು, ಎನ್ ಅಂದರೆ ಎ ಅಯಾನಿನ ಉತ್ಕರ್ಷಣ ಸ್ಥಿತಿ, ಲಾಗ್ ಸ್ವಾಭಾವಿಕ ಲಾಗ್. 4.18ಕ್ಕಿಂತ ಕಡಿಮೆ ಬಂದರೆ ಪೆರೋವ್‌ಸ್ಕೈಟ್. ಪ್ರಯೋಗದಿಂದ ಗೊತ್ತಿದ್ದ 576 ಸಂಯುಕ್ತಗಳಲ್ಲಿ ಇದು ಶೇ 92ರಷ್ಟನ್ನು ಸರಿಯಾಗಿ ವಿಂಗಡಿಸಿತು, ಹಳೇ ಟಿ ಶೇ 74. ಸೀಸಿಯಂ ಲೆಡ್ ಅಯೊಡೈಡ್, ಸೀಸಿಯಂ ಲೆಡ್ ಬ್ರೋಮೈಡ್ ಎರಡಕ್ಕೂ ಕೈಯಾರೆ ಲೆಕ್ಕ ಮಾಡಿ ಇಲ್ಲಿ ಹಾಕಿ. ಬ್ರೋಮೈಡ್ ತ್ರಿಜ್ಯ 196.

---

ಕೋಟೆನಾಡು_ಸೋಲಾರ್:

ಮೇಡಮ್ಮೋರೇ, ನಡುವೆ ಬಂದೆ, ಬೇಜಾರಾಗಬೇಡಿ. ನಾನು ಓದಿದ್ದು ಐಟಿಐ. ದುರ್ಗ, ಹಿರಿಯೂರು, ಚಳ್ಳಕೆರೆ ಕಡೆ ಮನೆ ಮೇಲೆ ಪ್ಯಾನಲ್ ಹಾಕೋ ಕೆಲಸ ನಂದು. ಪಿಎಂ ಸೂರ್ಯ ಘರ್ ಬಂದ ಮೇಲೆ ಎಲ್ಲರೂ ಪ್ಯಾನಲ್ ಬಗ್ಗೆ ಮೊಬೈಲಲ್ಲಿ ನೋಡ್ಕೊಂಡೇ ಬರ್ತಾರೆ. "ಪೆರೋವ್‌ಸ್ಕೈಟ್ ಅಂತ ಹೊಸಾದು ಬರ್ತೈತಂತೆ, ಅದಕ್ಕೆ ಕಾಯಬೇಕಾ?" ಅಂತ ಕೇಳ್ತಾರೆ. ಏನು ಹೇಳಬೇಕೋ ನನಗೆ ಗೊತ್ತಾಗ್ತಿರಲಿಲ್ಲ.

ಒಂದು ಮಾತು ನನ್ನ ಅನುಭವದ್ದು. ಏಪ್ರಿಲ್ ತಿಂಗಳಲ್ಲಿ ಮಧ್ಯಾಹ್ನ ಟೆಂಪರೇಚರ್ ಗನ್ ಹಿಡಿದು ಪ್ಯಾನಲ್ ಹಿಂಭಾಗ ನೋಡಿದರೆ 65 ದಾಟಿರ್ತೈತೆ. ತಗಡಿನ ಶೀಟಿಗೆ ಹತ್ತಿಸಿ ಕೂರಿಸಿದ್ದರೆ, ಗಾಳಿ ಆಡೋಕೆ ಸಂದಿಲ್ಲದಿದ್ದರೆ ಇನ್ನೂ ಜಾಸ್ತಿ. ಬೆಳಗಿನ ಜಾವ ಅದೇ ಪ್ಯಾನಲ್ ತಣ್ಣಗೆ. ದಿನಾ ಹಿಂಗೇ ಕಾದು ಆರಬೇಕು, ಅದೂ 25 ವರ್ಷ. ನೀವು ಹೇಳೋ ಟಿ, ಟೌ ಎಲ್ಲ ನೋಡಿ ಇದನ್ನ ಹೇಳೋಕಾಗ್ತೈತಾ?

---

ಉಚ್ಚಂಗಿ_ಬೆಟ್ಟ:

ಅಣ್ಣಾ, ಬೇಜಾರೇನು ಬಂತು. ನೀವು ಬರೆದ 65 ಡಿಗ್ರಿ ಈ ಚರ್ಚೆಗೆ ಬೇಕಾಗಿದ್ದ ಸಂಖ್ಯೆ.

ಮಿಥೈಲ್‌ಅಮೋನಿಯಂ ಲೆಡ್ ಅಯೊಡೈಡ್ ಸುಮಾರು 54 ಡಿಗ್ರಿಯಲ್ಲಿ ಟೆಟ್ರಾಗೋನಲ್ ರೂಪದಿಂದ ಘನಾಕೃತಿಗೆ ಬದಲಾಗುತ್ತೆ. ಅಂದರೆ ದುರ್ಗದ ಮಾಳಿಗೆ ಮೇಲೆ ಬೇಸಿಗೆಯಲ್ಲಿ ದಿನಾ ಹತ್ತುವಾಗ ಒಂದು ಸಲ, ಇಳಿಯುವಾಗ ಒಂದು ಸಲ ಆ ಗಡಿ ದಾಟುತ್ತೆ. ಬದಲಾವಣೆ ಚಿಕ್ಕದು, ಪೊರೆ ಆಗಲೂ ಕಪ್ಪಗೇ ಇರುತ್ತೆ. ನನಗೆ ಹೆಚ್ಚು ಹೆದರಿಕೆ ಆ ಉಷ್ಣತೆಯಲ್ಲಿ ಮಿಥೈಲ್‌ಅಮೀನ್ ಹೊರಟು ಹೋಗೋದರ ಬಗ್ಗೆ.

ನಿಮ್ಮ ಪ್ರಶ್ನೆಗೆ ನೇರ ಉತ್ತರ: ಇಲ್ಲ, ಟಿ ಮತ್ತು ಟೌ ಅದನ್ನ ಹೇಳಲ್ಲ. ಪ್ಯಾನಲ್‌ಗೆ ಐಇಸಿ 61215 ಅನ್ನೋ ಪರೀಕ್ಷೆ ಇದೆ. 85 ಡಿಗ್ರಿ ಶಾಖ, ಶೇ 85 ಆರ್ದ್ರತೆಯಲ್ಲಿ 1,000 ಗಂಟೆ ಇಡಬೇಕು. ಮೈನಸ್ 40ರಿಂದ 85 ಡಿಗ್ರಿ ತನಕ 200 ಸಲ ಏರಿಸಿ ಇಳಿಸಬೇಕು. ಅಲ್ಲಿ ಸ್ಫಟಿಕದ ಜತೆಗೆ ಗಾಜು, ಅಂಚಿನ ಸೀಲು, ಲೋಹದ ತಂತಿ ಎಲ್ಲಾ ಸೇರಿ ಪಾಸಾಗಬೇಕು. ಚಿತ್ರದುರ್ಗ ಒಣ ಊರು ಅಂತ ಸಮಾಧಾನ ಪಡೋ ಹಾಗೂ ಇಲ್ಲ, ನಮ್ಮ ಕಡೆ ತೇವಕ್ಕಿಂತ ಶಾಖ ಮತ್ತು ಬೆಳಕೇ ಪರೀಕ್ಷೆ.

ಗಿರಾಕಿಗಳಿಗೆ ಏನು ಹೇಳೋದು? 2009ರಲ್ಲಿ ಮಿಯಾಸಾಕಾ ಅವರ ತಂಡ ಮೊದಲ ಸೆಲ್ ಮಾಡಿದಾಗ ದಕ್ಷತೆ ಶೇ 3.8. ಈಗ ಸಿಲಿಕಾನ್ ಮೇಲೆ ಪೆರೋವ್‌ಸ್ಕೈಟ್ ಕೂರಿಸಿದ ಟ್ಯಾಂಡೆಮ್ ಸೆಲ್‌ಗಳು ಪ್ರಯೋಗಾಲಯದಲ್ಲಿ ಶೇ 33 ದಾಟಿವೆ. ಇಷ್ಟು ಬೇಗ ಹತ್ತಿದ ಸೋಲಾರ್ ವಸ್ತು ಇನ್ನೊಂದಿಲ್ಲ, ನನ್ನ ಆಸೆಯೆಲ್ಲ ಇದರ ಮೇಲೇ ಇದೆ. ಆದರೂ ಮನೆಗೆ ಕರೆಂಟು ಬೇಕಾದವರು ಕಾಯೋದು ಬೇಡ. 25 ವರ್ಷ ಬಿಸಿಲು ತಿಂದು ತೋರಿಸಿರೋದು ಸಿಲಿಕಾನ್. ಇವತ್ತು ಅದನ್ನೇ ಹಾಕಿಸಿಕೊಳ್ಳಲಿ.

---

ಬೆಣ್ಣೆನಗರಿ_ಹುಡುಗಿ:

ಮೇಡಂ, ಲೆಕ್ಕ ಮಾಡಿದೆ, ಬಂದದ್ದು ನೋಡಿ ಖುಷಿಯಾಯ್ತು. ಟಿ ಪ್ರಕಾರ ಸೀಸಿಯಂ ಲೆಡ್ ಅಯೊಡೈಡ್ 0.851, ಬ್ರೋಮೈಡ್ 0.862. ಹೆಚ್ಚುಕಡಿಮೆ ಒಂದೇ. ಟೌ ಹಾಕಿದರೆ ಅಯೊಡೈಡ್ 4.30, ಬ್ರೋಮೈಡ್ 4.10. 4.18ರ ಗೆರೆ ಸರಿಯಾಗಿ ಇಬ್ಬರ ನಡುವೆ ಬಂತು! ಬ್ರೋಮೈಡ್ ಕೋಣೆಯ ಉಷ್ಣತೆಯಲ್ಲಿ ಪೆರೋವ್‌ಸ್ಕೈಟ್ ಆಗಿಯೇ ಇರುತ್ತೆ, ಅಯೊಡೈಡ್ ಇರಲ್ಲ. ರುಬಿಡಿಯಂ ಲೆಡ್ ಅಯೊಡೈಡ್‌ಗೂ ಹಾಕಿದೆ, ರುಬಿಡಿಯಂ 172 ತಗೊಂಡರೆ 4.77. ಅದೂ ಪೆರೋವ್‌ಸ್ಕೈಟ್ ಅಲ್ಲ ಅಂತ ಓದಿದ್ದೀನಿ.

ಆದರೆ ಫಾರ್ಮಮಿಡಿನಿಯಂಗೆ 3.67 ಬರ್ತಿದೆ. ಮಿಥೈಲ್‌ಅಮೋನಿಯಂನ 3.88ಕ್ಕಿಂತಲೂ ಕಡಿಮೆ. ಅಂದರೆ ಟೌ ಕೂಡ ಅದನ್ನ ಸ್ಥಿರ ಅಂತಲೇ ಹೇಳ್ತಿದೆ. ಮಾಡೆಲ್ಲೂ ಹಾಗೇ. ಹಾಗಾದರೆ ಡಿಎಫ್‌ಟಿ (ಕ್ವಾಂಟಮ್ ಸಿದ್ಧಾಂತದಿಂದ ಶಕ್ತಿ ಲೆಕ್ಕ ಹಾಕೋ ವಿಧಾನ) ಮಾಡದೆ ಬೇರೆ ದಾರಿ ಇಲ್ವಾ?

---

ಜೋಗಿಮಟ್ಟಿ_ಗಾಳಿ:

ಡಿಎಫ್‌ಟಿ ಬಗ್ಗೆ ಎರಡು ಮಾತು ನಾನು ಹೇಳ್ತೀನಿ. ದುರ್ಗದವನು, ಈಗ ಬೆಂಗಳೂರಲ್ಲಿ ಇದೇ ಲೆಕ್ಕ ಓಡಿಸ್ತೀನಿ. ಅದಕ್ಕೆ ಬಳಸೋ ಕ್ವಾಂಟಮ್ ಎಸ್ಪ್ರೆಸ್ಸೊ ಅನ್ನೋ ಸಾಫ್ಟ್‌ವೇರ್ ಉಚಿತ, ನಿಮ್ಮ ಲ್ಯಾಪ್‌ಟಾಪಲ್ಲಿ ಸೀಸಿಯಂ ಲೆಡ್ ಅಯೊಡೈಡ್‌ನ ಐದು ಪರಮಾಣುವಿನ ಘನಕೋಶ ಆರಾಮಾಗಿ ಓಡುತ್ತೆ. ಆದರೆ ಎರಡು ಕಡೆ ಹುಷಾರು. ಒಂದು, ಆ ಘನಕೋಶಕ್ಕೆ ಫೋನಾನ್ (ಪರಮಾಣುಗಳ ಕಂಪನ) ಲೆಕ್ಕ ಹಾಕಿದರೆ ಕಾಲ್ಪನಿಕ ಆವೃತ್ತಿಗಳು ಬರುತ್ತವೆ. ಗಾಬರಿ ಬೇಡ. ಸೊನ್ನೆ ಕೆಲ್ವಿನ್‌ನಲ್ಲಿ ಅಷ್ಟಮುಖಿಗಳು ವಾಲೋಕೆ ನೋಡ್ತಿವೆ ಅಂತ ಅದರ ಅರ್ಥ, ಘನ ರೂಪ ಬಿಸಿಯಲ್ಲಿ ಮಾತ್ರ ಇರೋದು. ಎರಡು, ಮಿಥೈಲ್‌ಅಮೋನಿಯಂ ಲೆಡ್ ಅಯೊಡೈಡ್ ಒಡೆಯೋದಕ್ಕೆ ಬೇಕಾದ ಶಕ್ತಿ ಎಷ್ಟೋ ಪೇಪರ್‌ಗಳಲ್ಲಿ ಸೊನ್ನೆಗೆ ತೀರಾ ಹತ್ತಿರ ಬಂದಿದೆ. ಕೆಲವದರಲ್ಲಿ ಸ್ವಲ್ಪ ಸ್ಥಿರ, ಕೆಲವದರಲ್ಲಿ ಸ್ವಲ್ಪ ಅಸ್ಥಿರ. ಯಾವ ಫಂಕ್ಷನಲ್ (ಲೆಕ್ಕದಲ್ಲಿ ಬಳಸೋ ಅಂದಾಜು ಸೂತ್ರ) ತಗೊಂಡಿರಿ ಅನ್ನೋದರ ಮೇಲೆ ಚಿಹ್ನೆಯೇ ಬದಲಾಗುತ್ತೆ. ಕೋಣೆಯ ಉಷ್ಣತೆಯ ಶಾಖಶಕ್ತಿ 26 ಮಿಲಿ ಎಲೆಕ್ಟ್ರಾನ್‌ವೋಲ್ಟ್, ನೀವು ಅಳೆಯೋಕೆ ಹೊರಟ ವ್ಯತ್ಯಾಸವೂ ಅಷ್ಟೇ ಸುಮಾರು.

---

ಉಚ್ಚಂಗಿ_ಬೆಟ್ಟ:

ಮೇಲಿನವರು ಹೇಳಿದ್ದು ನೂರಕ್ಕೆ ನೂರು ನಿಜ. ಡಿಎಫ್‌ಟಿ ದೊಡ್ಡ ತೀರ್ಪುಗಾರ ಅಂದುಕೊಳ್ಳಬೇಡಿ, ಅದು ಇನ್ನೊಬ್ಬ ಸಾಕ್ಷಿ.

ನಿಮ್ಮ ಮಾಡೆಲ್ ವಿಷಯಕ್ಕೆ ಬರ್ತೀನಿ. ಆ 95 ಎಲ್ಲಿಂದ ಬಂತು? ಡೇಟಾ ಕಲಸಿ, ಐದರಲ್ಲಿ ಒಂದು ಪಾಲು ಪರೀಕ್ಷೆಗೆ ಇಟ್ಟಿರ್ತೀರಿ. ಪಟ್ಟಿಯಲ್ಲಿ ಆಕ್ಸೈಡ್‌ಗಳೇ ತುಂಬಿದ್ದರೆ ಪರೀಕ್ಷೆಯಲ್ಲೂ ಆಕ್ಸೈಡ್‌ಗಳೇ ಇರುತ್ತವೆ. ಒಂದು ಲ್ಯಾಂಥನೈಡ್ ಆಕ್ಸೈಡ್ ಕಲಿತ ಮಾಡೆಲ್‌ಗೆ ಪಕ್ಕದ ಲ್ಯಾಂಥನೈಡ್ ಆಕ್ಸೈಡ್ ಕೇಳಿದರೆ ಉತ್ತರ ಬರದೇ ಏನು? ಈ ಸಲ ಅಯೊಡೈಡ್‌ಗಳನ್ನ ಪೂರ್ತಿ ಹೊರಗಿಟ್ಟು ಕಲಿಸಿ, ಆಮೇಲೆ ಅಯೊಡೈಡ್‌ಗಳನ್ನೇ ಕೇಳಿ. ಸಂಖ್ಯೆ ಇಳಿಯುತ್ತೆ. ಇಳಿದ ಆ ಸಂಖ್ಯೆಯನ್ನೇ ವರದಿಯಲ್ಲಿ ಮೊದಲು ಬರೀರಿ. ಜತೆಗೆ, "ಎಲ್ಲವೂ ಪೆರೋವ್‌ಸ್ಕೈಟ್" ಅಂತ ಕಣ್ಣು ಮುಚ್ಚಿ ಹೇಳಿದರೆ ಎಷ್ಟು ಅಂಕ ಬರುತ್ತೆ ಅಂತಲೂ ಹಾಕಿ. ತಯಾರಿಸೋಕೆ ಹೋಗಿ ಆಗದೇ ಇದ್ದ ಸಂಯುಕ್ತಗಳ ಬಗ್ಗೆ ಯಾರೂ ಪೇಪರ್ ಬರೆಯಲ್ಲ, ಹಾಗಾಗಿ ಇಂಥ ಡೇಟಾ ಯಾವಾಗಲೂ ಗೆದ್ದವರ ಕಡೆ ವಾಲಿರುತ್ತೆ.

ಲೇಬಲ್ ಕೂಡ ಬದಲಾಯಿಸಿ. "ಸ್ಥಿರ / ಅಸ್ಥಿರ" ಬೇಡ. "ಸುಮಾರು 25 ಡಿಗ್ರಿಯಲ್ಲಿ ಮೂಲೆ ಕೂಡಿದ ರಚನೆ ಇದೆಯೇ" ಅಂತ ಒಂದು ಕಾಲಮ್. "ಬಿಸಿಯಲ್ಲಾದರೂ ಆ ರಚನೆ ಸಿಗುತ್ತೆಯೇ" ಅಂತ ಇನ್ನೊಂದು. ಫಾರ್ಮಮಿಡಿನಿಯಂ ಮೊದಲನೆಯದರಲ್ಲಿ ಇಲ್ಲ, ಎರಡನೆಯದರಲ್ಲಿ ಹೌದು. ನಿಮ್ಮನ್ನ ಕಾಡಿದ ವಿರೋಧ ಅಲ್ಲಿಗೆ ಬಿಚ್ಚಿಕೊಳ್ಳುತ್ತೆ.

ಕೊನೆಗೆ ಮಿಶ್ರಣಗಳು, ಸೋಲಾರ್‌ನವರು ನಿಜವಾಗಿ ಬಳಸೋದು ಅವನ್ನೇ. ಫಾರ್ಮಮಿಡಿನಿಯಂ 85 ಪಾಲು, ಸೀಸಿಯಂ 15 ಪಾಲು ತಗೊಳ್ಳಿ. ಸರಾಸರಿ ತ್ರಿಜ್ಯ 243, ಟಿ 0.97. ಮೇಲಿನ ಗಡಿಯಿಂದ ಒಂದು ಹೆಜ್ಜೆ ಒಳಗೆ ಬಂತು. ಅದರ ಮೇಲೆ, ಎರಡು ಬಗೆಯ ಅಯಾನು ಒಂದೇ ಜಾಗಕ್ಕೆ ಬೆರೆತಾಗ ಮಿಶ್ರಣ ಎಂಟ್ರೊಪಿ ಬರುತ್ತೆ. 300 ಕೆಲ್ವಿನ್‌ನಲ್ಲಿ ಲೆಕ್ಕ ಹಾಕಿ, ಒಂದು ಸೂತ್ರಘಟಕಕ್ಕೆ ಸುಮಾರು 11 ಮಿಲಿ ಎಲೆಕ್ಟ್ರಾನ್‌ವೋಲ್ಟ್ ಲಾಭ. ಇನ್ನೊಂದು ಕಡೆ, ಎರಡರ ಹಳದಿ ರೂಪಗಳು ಒಂದು ಅಂಚು ಸೇರಿದ್ದು, ಇನ್ನೊಂದು ಮುಖ ಸೇರಿದ್ದು, ಅವು ಒಂದರಲ್ಲೊಂದು ಬೆರೆಯೋಕೆ ಒಪ್ಪಲ್ಲ. ಕಪ್ಪು ರೂಪದಲ್ಲಿ ಸುಲಭವಾಗಿ ಬೆರೆಯುತ್ತವೆ. ಒಂಟಿಯಾಗಿ ಹಳದಿಯಾಗೋ ಇಬ್ಬರು ಸೇರಿದಾಗ ಕಪ್ಪಾಗಿ ಉಳಿಯೋದು ಈ ಕಾರಣಕ್ಕೆ. ಈ ಇಡೀ ಕ್ಷೇತ್ರದಲ್ಲಿ ನನಗೆ ಅತಿ ಸುಂದರ ಅನಿಸಿದ ವಿಚಾರ ಇದು, ವೈವಾದಲ್ಲಿ ತಪ್ಪದೆ ಹೇಳಿ.

ಅಯೊಡೈಡ್ ಜಾಗಕ್ಕೆ ಬ್ರೋಮೈಡ್ ಬೆರೆಸೋವಾಗ ಮಾತ್ರ ಎಚ್ಚರ. ಬ್ರೋಮೈಡ್ ಜಾಸ್ತಿಯಾದ ಮಿಶ್ರಣಗಳು ಬೆಳಕು ಬಿದ್ದಾಗ ಅಯೊಡೈಡ್ ಹೆಚ್ಚಿರೋ ಭಾಗ, ಬ್ರೋಮೈಡ್ ಹೆಚ್ಚಿರೋ ಭಾಗ ಅಂತ ಬೇರ್ಪಡುತ್ತವೆ, 2015ರಿಂದ ಇದು ಗೊತ್ತಿದೆ. ಕತ್ತಲಲ್ಲಿ ಇಟ್ಟರೆ ಮತ್ತೆ ಕೂಡಿಕೊಳ್ಳುತ್ತವೆ. ಯಾವ ತ್ರಿಜ್ಯದ ಸೂತ್ರಕ್ಕೂ ಬೆಳಕು ಕಾಣಲ್ಲ.

---

ಬೆಣ್ಣೆನಗರಿ_ಹುಡುಗಿ:

ತುಂಬಾ ತುಂಬಾ ಧನ್ಯವಾದ ಮೇಡಂ, ಇಬ್ಬರು ಅಣ್ಣಂದಿರಿಗೂ. ಎರಡು ಕಾಲಮ್ ಮಾಡಿ, ಅಯೊಡೈಡ್ ಹೊರಗಿಟ್ಟು ಮತ್ತೆ ಓಡಿಸ್ತೀನಿ. ಸೀಸ ವಿಷ ಅಂತ ಗೈಡ್ ಸರ್ ತವರದ್ದೂ ಸೇರಿಸು ಅಂದಿದ್ದಾರೆ. ಬಿ ಜಾಗಕ್ಕೆ ತವರದ ತ್ರಿಜ್ಯ ಹಾಕಿದರೆ ಸಾಕಲ್ವಾ?

---

ಉಚ್ಚಂಗಿ_ಬೆಟ್ಟ:

ಸಾಕಾಗಲ್ಲ. ಶ್ಯಾನನ್ ಪಟ್ಟಿಯಲ್ಲಿ ತವರ 4+ ಇದೆ, ನಿಮಗೆ ಬೇಕಾದ 2+ ಇಲ್ಲ. ಬೇರೆ ಬೇರೆ ಪೇಪರ್‌ನವರು ಬೇರೆ ಬೇರೆ ಸಂಖ್ಯೆ ಬಳಸಿರ್ತಾರೆ. ಅವುಗಳಲ್ಲಿ ಅತಿ ಚಿಕ್ಕದು ಒಂದು, ಅತಿ ದೊಡ್ಡದು ಒಂದು ತಗೊಂಡು ಎರಡಕ್ಕೂ ಟೌ ಹಾಕಿ, 4.18ರ ಒಂದೇ ಕಡೆ ಬೀಳುತ್ತಾ ನೋಡಿ. ಬೀಳದಿದ್ದರೆ "ಈ ಸೂತ್ರದಿಂದ ಹೇಳಲಾಗದು" ಅಂತಲೇ ಬರೀರಿ. ಮತ್ತೆ ತವರ 2+ ಗಾಳಿ ಸೋಕಿದರೆ 4+ ಆಗಿಬಿಡುತ್ತೆ, ಅದು ರಚನೆಯ ಪ್ರಶ್ನೆಯೇ ಅಲ್ಲ. ಅದಕ್ಕೆ ಮೂರನೇ ಕಾಲಮ್ ಬೇಕು.